ಬಾಳವ್ವನ ಎರಡನೇ ಪೆಟ್ಟಿಗೆ

“ಒಂದ ಲೈಟಿನ ಪೆಟ್ಟಿಗಿ ಇದ್ದಾಗ ಮನ್ಯಾಗ ಒಬ್ಬಾಕಿನ ಸೊಸಿ ಇದ್ದಂಗ. ‘ಏಯ್’ ಅಂದ್ರ ಸಾಕು, ತನಗ ಕರದಾರಂತ ಗೊತ್ತಾಕ್ಕೈತಿ. ಇಬ್ಬರಾದ್ರಂದ್ರ ಹೆಸರ ಹಿಡದ ಕರೀಬೇಕು. ಅದಕ್ಕ ಒಂದಕ್ಕ ಒಂದನೇ ನಂಬರ್, ಇನ್ನೊಂದಕ್ಕ ಎರಡನೇ ನಂಬರ್. ಕಂಪ್ಯೂಟರ್ ‘ಒಂದು’ ಅಂದ್ರ ಎಡಗಡೆ ಗ್ವಾಡಿ ಬೆಳಗಬೇಕು, ‘ಎರಡು’ ಅಂದ್ರ ಬಲಗಡೆ. ನಂಬರ್ ತಪ್ಪಿತೋ, ಅತ್ತಿ ನೀರ್ ತಾ ಅಂದಿದ್ದಕ್ಕ ಇಬ್ಬರೂ ಕೊಡ ತಗೊಂಡು ಓಡತಾರ, ಒಲಿ ಮ್ಯಾಲಿನ ಹಾಲು ಉಕ್ಕಿ ಹೋಕ್ಕೈತಿ. ಇಷ್ಟ ನೋಡ್ರವಾ ವಿದ್ಯಾ. ಉಳದದ್ದೆಲ್ಲಾ ಏಣಿ ಹತ್ತೂದು, ಇಳಿಯೂದು.”

ಹುಕ್ಕೇರಿಯ ನಮ್ಮ ಓಣಿಯಲ್ಲಿ ಲೈಟಿಂಗ್ ಬಾಳವ್ವ ಹೀಗೆ ಮಾತಿಗೆ ಕುಳಿತರೆ ಕೇಳುವ ಹೆಂಗಸರ ಕೈಗೆಲಸ ತಾನಾಗಿಯೇ ನಿಲ್ಲುತ್ತಿತ್ತು. ಐವತ್ತರ ಆಸುಪಾಸಿನ ಕೃಶ ದೇಹ; ಇಳಕಲ್ ಸೀರೆಯ ಮೇಲೆ ಮೊಣಕಾಲು ಮುಟ್ಟುವ ಖಾಕಿ ಕೋಟು; ಅದರ ಒಂದು ಜೇಬಿನಲ್ಲಿ ಟೆಸ್ಟರು, ಇನ್ನೊಂದರಲ್ಲಿ ವಿಭೂತಿಯ ಗಟ್ಟಿ. ನೆಲದ ಮೇಲೆ ನಡೆಯುವಾಗಲೂ ಏಣಿಯ ಮೆಟ್ಟಿಲು ಹುಡುಕುವವಳಂತೆ ಪಾದವನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ಮೈಭಾರ ಬಿಡುವಳು. ಗೋಕಾಕದ ಗಣಪತಿ ಮಂಟಪದಲ್ಲಿ ಯಾರೋ ಒಬ್ಬ ಕೆಳಗೆ ನಿಂತು, “ಯಕ್ಕಾ, ಬಿದ್ದಗಿದ್ದೀ!” ಎಂದು ನಕ್ಕಾಗ, ತಿರುಗಿಯೂ ನೋಡದೆ, “ನೀ ಅಲ್ಲೇ ನಿಂದರಪಾ, ಮೆತ್ತಗ ಬೀಳತೇನಿ” ಎಂದವಳು. ಮೂಡಲಗಿಯ ಮದುವೆಯಿರಲಿ, ನಮ್ಮೂರ ಹಬ್ಬವಿರಲಿ, ಅವಳದೊಂದು ಹಟ: ನೀರಲ್ಲಿ ತೇಯ್ದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆಯದೆ ಯಾವ ಸಾಮಾನನ್ನೂ ಮೇಲೇರಿಸುತ್ತಿರಲಿಲ್ಲ.

ಹದಿನಾಲ್ಕು ವರ್ಷ ದೀಪಾವಳಿಗೆ ನಮ್ಮ ಸಮುದಾಯ ಭವನದ ಗೋಡೆ ಬೆಳಗಿದ್ದು ಅವಳ ಕೈಯಿಂದಲೇ. ಈ ಸಲ ಅರ್ಧ ಗೋಡೆ ಸಾಲದು, ಪೂರ್ತಿ ಬೆಳಗಬೇಕೆಂದು, ಗೋಡೆಗೆ ಬೆಳಕಿನ ಚಿತ್ರ ಬಿಡುವ ಎರಡನೇ ಪೆಟ್ಟಿಗೆ ತಂದಳು. ಕಮಿಟಿಯ ಹಿರಿಯ ಗುರುಲಿಂಗಪ್ಪ ಮುಖ ಗಂಟಿಕ್ಕಿದ. “ಒಂದರ ಮಟ್ಟ ನಿನ್ನದು ಖರೆ. ಎರಡು ಅಂದ್ರ ಬೆಳಗಾವಿ ಲೈಟಿನವರನ್ನ ಕರಸೂದು ಬರೋಬರಿ.” ಬಾಳವ್ವ ಒಂದೇ ಮಾತಿನಲ್ಲಿ ಮುಗಿಸಿದಳು: “ನನ್ನಿಂದ ಕೆಟ್ರ, ಮುಂದಿನ ವರ್ಷ ನನ್ನ ಕರೀಬ್ಯಾಡ್ರಿ.”

ದೀಪ ಹಚ್ಚುವ ಹೊತ್ತಿಗೆ ಓಣಿಯೆಲ್ಲ ಸೇರಿತ್ತು. ಎಡಗೋಡೆಯಲ್ಲಿ ಬತ್ತಿ ಹಿಡಿದ ಹೆಣ್ಣಿನ ಕೈ ಮೆಲ್ಲಗೆ ಏಳಬೇಕು. ಬಲಗೋಡೆಯಲ್ಲಿ ಪಣತಿ ಮೂಡಬೇಕು. ಕೈ ತಲುಪಿದ ಮೇಲೆ ಉರಿ ಹೊತ್ತಬೇಕು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಬಾಳವ್ವನ ಮಗಳು ಭಾಗ್ಯಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಕೈ ಇನ್ನೂ ಏಳುವ ಮೊದಲೇ, ಬಲಗಡೆಯ ಕತ್ತಲಲ್ಲಿ, ಪಣತಿಯಿಲ್ಲದೆ, ಎಣ್ಣೆಯಿಲ್ಲದೆ, ಬರೀ ಒಂದು ಉರಿ ಭಗ್ಗೆಂದು ಹೊತ್ತಿ ಅಂತರದಲ್ಲಿ ನಿಂತಿತು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ಉಳಿದವು. ಹಬ್ಬದ ದಿನ ಇದೆಂಥ ನೋಟ! ಮುದುಕಿಯರಾದ ನಾವು ಎದೆಯ ಲಿಂಗವನ್ನು ಮುಟ್ಟಿಕೊಂಡೆವು.

“ಏನ ತೋರಸಾಕತ್ತೀ ಬಾಳವ್ವಾ?” ಗುರುಲಿಂಗಪ್ಪ ಗೋಡೆಯತ್ತ ಕೈ ಮಾಡಿದ.

ಭಾಗ್ಯಾ ಅವ್ವನ ಕೋಟು ಜಗ್ಗಿ ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನಮಗೂ ಕೇಳಿಸಿತು: “ಅವ್ವಾ, ವೋಲ್ಟೇಜ್ ಬಂದಿಲ್ಲ ಅನ್ನು. ಯಾರಿಗೂ ತಿಳ್ಯಾಂಗಿಲ್ಲ.”

ಬಾಳವ್ವ ಏಣಿ ಹತ್ತಿದಳು. ಎರಡನೇ ಪೆಟ್ಟಿಗೆಯ ಪಕ್ಕದಲ್ಲಿ ನಂಬರು ಹಾಕುವ, ಅಕ್ಕಿಕಾಳಿನಷ್ಟು ಗುಂಡಿಗಳ ಒಂದು ಸಾಲು; ಆ ಸಾಲಿನ ಸಂದುಗಳಲ್ಲಿ ಬೆಳ್ಳಗೆ ವಿಭೂತಿ. ಮಧ್ಯಾಹ್ನ ಭಕ್ತಿಯಿಂದ ಎಳೆದ ಮೂರು ಬೆರಳಿಗೆ ಗುಂಡಿಗಳು ಸರಿದು, ಎರಡನೆಯದೂ ಒಂದನೆಯದಾಗಿತ್ತು. ಕೈ ಏಳಲೆಂದು ಎಡಗೋಡೆಗೆ ಕೊಟ್ಟ ಅಪ್ಪಣೆಗೆ ಬಲಗೋಡೆಯ ಉರಿಯೂ ಹೊತ್ತಿಕೊಂಡಿತ್ತು.

ಅವಳು ಏಣಿಯ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು. “ಕರೆಂಟ್ ಬರೋಬರಿ ಐತ್ರಿ. ಸಾಮಾನೂ ಬರೋಬರಿ ಐತಿ. ವಿಭೂತಿ ಹಚ್ಚುವಾಗ ನನ್ನ ಬೆರಳ ತಾಗಿ ನಂಬರ್ ಸರದೈತಿ. ತಪ್ಪು ನಂದು.”

ಅಂತರದ ಉರಿ ಕಂಡಾಗಲೂ ನಾವು ಅಷ್ಟು ಬೆರಗಾಗಿರಲಿಲ್ಲ. ಕರೆಂಟಿನವರನ್ನು ಬೈದು ಕೈ ತೊಳೆದುಕೊಳ್ಳುವುದು ಆ ಕಸುಬಿನಲ್ಲಿ ಎಷ್ಟು ಸಲೀಸೆಂಬುದು ಯಾರಿಗೆ ಗೊತ್ತಿಲ್ಲ? ಅವಳೋ ಸೆರಗಿನಿಂದ ಬೂದಿ ಒರೆಸಿ, ಕಡ್ಡಿಯಿಂದ ಗುಂಡಿ ಸರಿಸಿ ಇಳಿದಳು. ಮತ್ತೆ ಕತ್ತಲು; ಕೈ ಎದ್ದಿತು; ಪಣತಿ ಮೂಡಿತು; ಉರಿ ಹೊತ್ತಿತು. ಮಕ್ಕಳು ಕೇಕೆ ಹಾಕಿದರು.

“ಛಂದ ಆತು,” ಎಂದ ಗುರುಲಿಂಗಪ್ಪ, ಗೋಡೆ ನೋಡುತ್ತಲೇ. “ಆದ್ರ ತಪ್ಪು ನಿಂದಂತ ನೀನ ಅಂದಿ. ಕೊಟ್ಟ ಮಾತು ಕೊಟ್ಟ ಮಾತ. ಮುಂದಿನ ವರ್ಷ ಬೆಳಗಾವಿಯವರು.”

ಭಾಗ್ಯಾ ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದಳು. ಸುಳ್ಳಿಗೆ ಉಳಿಯುತ್ತಿದ್ದ ಕೆಲಸ ನಿಜಕ್ಕೆ ಹೋಯಿತಲ್ಲ!

ಬಾಳವ್ವ ಏಣಿಯನ್ನು ಹೆಗಲಿಗೇರಿಸಿದಳು. “ಆಗ್ಲೇಳ್ರಿ,” ಎಂದಳು. “ಅವರಿಗೊಂದು ಮಾತ ಹೇಳ್ರಿ. ಬಲಗಡೆ ಮೂಲ್ಯಾಗ ಗ್ವಾಡಿ ಟೊಳ್ಳ ಐತಿ. ಅಲ್ಲಿ ಮೊಳಿ ಹೊಡದ್ರ ಬೀಳತಾರ.”

ಇಂಥವರು ವಿರಳ. ತಮ್ಮ ಕೆಲಸದ ಹೆಮ್ಮೆಯನ್ನು ಯಾವ ದನಿಯಲ್ಲಿ ಹೇಳುತ್ತಾರೋ, ತಪ್ಪನ್ನೂ ಅದೇ ದನಿಯಲ್ಲಿ ಹೇಳುತ್ತಾರೆ. ಮೊದಲನೆಯದನ್ನು ನಂಬುವ ನಾವು ಎರಡನೆಯದಕ್ಕೆ ದಂಡ ಹಾಕುತ್ತೇವೆ. ಹಾಗೆ ದಂಡ ಬಿದ್ದದ್ದನ್ನು ಕಣ್ಣಾರೆ ಕಂಡೂ ಅಂದು ನಮ್ಮಲ್ಲಿ ಒಬ್ಬರ ಬಾಯೂ ತೆರೆಯಲಿಲ್ಲ.

ಮನೆಗೆ ಬರುತ್ತ ಅವಳ ಬಾಗಿಲಲ್ಲಿ ಹಣಕಿದೆವು. ಕೋಟು ಬಿಚ್ಚಿಟ್ಟು, ಕಟ್ಟೆಯ ಮೇಲೆ ಕಾಲು ಚಾಚಿ, ಬಾಳವ್ವ ನಾಳೆಯ ರೊಟ್ಟಿಗೆ ಜೋಳದ ಹಿಟ್ಟು ಸಾಣಿಸುತ್ತಿದ್ದಳು.