ದುಫಿಯ ಜನವರಿ ಟಿಕೆಟ್

ಘಾನಾದಿಂದ ಬಂದ ನಾವೆಲ್ಲ ನೆಲೆಸಿರುವ ಬೈಲ್ಮರ್ ಬಡಾವಣೆಯಲ್ಲಿ ಯಾರಾದರೂ ಊರಿಗೆ ಹೊರಟರೆಂದರೆ ಮೊದಲು ದೇವರ ಹೆಸರು, ಆಮೇಲೆ ದುಫಿಯ ಹೆಸರು. ವಿಮಾನದ ಟಿಕೆಟ್ಟನ್ನು ಅಗ್ಗಕ್ಕೆ ಹುಡುಕುವುದರಲ್ಲಿ ಇಡೀ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಹೆಂಗಸನ್ನು ಮೀರಿಸಿದವರಿಲ್ಲ. ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲೇ ಅವಳು ಹಾಸಿಗೆ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳು. ಆದರೂ ಅಲ್ಲಿಂದ ನೇರ ಹಾರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

"ಬಸ್ಸು ಹತ್ತಿ ಬ್ರಸೆಲ್ಸಿಗೆ ಹೋಗಿ ಹಾರೋಕೆ ಏನು ಧಾಡಿ ನಿಂಗೆ? ಅರ್ಧ ದುಡ್ಡು ಉಳಿಯತ್ತೆ. ಅದ್ರಲ್ಲಿ ನಿಮ್ಮತ್ತೆಗೆ ಆರು ಗಜ ಬಟ್ಟೆ ತಗೊಂಡು ಹೋಗು, ಆಗ್ಲಾದ್ರೂ ಬಾಯಿ ಮುಚ್ಕೋತಾಳೆ," ಎಂದು ಬೈಯುತ್ತಲೇ ಟಿಕೆಟ್ ಮಾಡಿಸಿಕೊಡುತ್ತಿದ್ದಳು. ಭಾನುವಾರ ಚರ್ಚು ಮುಗಿದ ಮೇಲೆ ಅವಳ ಅಡಿಗೆಮನೆಯಲ್ಲಿ ಹೆಂಗಸರು ಪಾಸ್‌ಪೋರ್ಟ್ ಹಿಡಿದು ಸಾಲಾಗಿ ಕೂರುತ್ತಿದ್ದರು. ಒಲೆಯ ಮೇಲೆ ಕಡಲೆಕಾಯಿ ಸಾರು ಕುದಿಯುತ್ತಿತ್ತು. ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ ಅವಳು. ಹೊಗಳಿಕೆ ಮಾತ್ರ ಎಷ್ಟು ಕೊಟ್ಟರೂ ಬೇಡ ಎನ್ನುತ್ತಿರಲಿಲ್ಲ.

ಇನ್ನೊಂದು ಮಾತಿದೆ. ಸತ್ತವರನ್ನು ಹೂಳಲು ಆತುರಪಡುವ ಜನ ನಾವಲ್ಲ. ಹೆಣವನ್ನು ಶವಾಗಾರದ ತಣ್ಣನೆ ಕೋಣೆಯಲ್ಲಿಟ್ಟು, ಕುಲದ ಹಿರಿಯರು ಕೂತು, ಹೊರದೇಶದಲ್ಲಿರುವ ಮಕ್ಕಳನ್ನೆಲ್ಲ ಕೇಳಿ, ಒಂದು ಶನಿವಾರ ಗೊತ್ತು ಮಾಡುತ್ತಾರೆ. ಒಂದೊಂದು ಸಲ ಎರಡು ಮೂರು ತಿಂಗಳು ಹಿಡಿಯುತ್ತದೆ. ಬೈಲ್ಮರಿನವರ ಮನೆಯಲ್ಲಿ ಸಾವಾದರೆ ಆ ಶನಿವಾರವನ್ನು ಆರಿಸುತ್ತಿದ್ದವಳು ದುಫಿಯೇ. "ಡಿಸೆಂಬರ್ ಬೇಡ, ಕ್ರಿಸ್‌ಮಸ್ ಅಂತ ಚರ್ಮ ಸುಲೀತಾರೆ. ಆಗಸ್ಟೂ ಬೇಡ. ಜನವರಿ ನಡುವೆ ಇಡೋಕೆ ಹೇಳು. ಹೋದವರಿಗೇನು ಅವಸರ?" ಎಂದರೆ ಊರಿನ ಹಿರಿಯರೂ ತಲೆಯಾಡಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಅವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ, ಅದೇ ಅವಳಿಗೆ ಮುಳುವಾಯಿತು.

ನವೆಂಬರಿನ ಕೊನೆಗೆ ಊರಿನಿಂದ, ಘಾನಾದ ಮಾಂಪೊಂಗಿನಿಂದ, ಅಕ್ಕ ಪೊಕುವಾ ಫೋನು ಮಾಡಿದಳು. ದುಫಿಯನ್ನು ಹೆತ್ತವಳು ಹೆತ್ತ ಕೂಡಲೇ ಕಣ್ಣು ಮುಚ್ಚಿದ್ದಳು, ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಈ ಅಕ್ಕ. ಸಂತೆಯಲ್ಲಿ ಈರುಳ್ಳಿ ಮಾರುವಾಗಲೂ ತಂಗಿ ಅವಳ ಬೆನ್ನ ಮೇಲೇ ಇರುತ್ತಿದ್ದಳಂತೆ.

"ಹೊಟ್ಟೆಯೊಳಗೆ ಗಡ್ಡೆಯಂತೆ ಕಣೇ. ಕುಯ್ಯೋಕೆ ಆಗಲ್ಲಾಂತ ಡಾಕ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದ್ರು," ಎಂದಳು ಪೊಕುವಾ. ಆಮೇಲೆ, ಸಂತೆಯಲ್ಲಿ ಗಿರಾಕಿಯನ್ನು ಕರೆಯುವ ದನಿಯಲ್ಲಿ, "ಒಂದ್ಸಲ ಬಂದು ಹೋಗ್ತೀಯಾ?"

"ಬರ್ದೆ ಇರ್ತೀನಾ ಅಕ್ಕಾ! ಈಗ್ಲೇ ಟಿಕೆಟ್ ನೋಡ್ತೀನಿ."

ನೋಡಿದಳು. ಡಿಸೆಂಬರಿನ ದರ ಮಾಮೂಲಿಗಿಂತ ಮೂರು ಪಟ್ಟು. ಬ್ರಸೆಲ್ಸ್ ನೋಡಿದಳು, ಡ್ಯೂಸೆಲ್‌ಡಾರ್ಫ್ ನೋಡಿದಳು, ಲಿಸ್ಬನ್ನಿನಲ್ಲಿ ಇಳಿದು ಹತ್ತುವುದನ್ನೂ ನೋಡಿದಳು. ಎಲ್ಲ ಕಡೆಯೂ ಅದೇ ಸುಲಿಗೆ. ಜನವರಿಯ ನಡುವಿಗೆ ಬ್ರಸೆಲ್ಸಿನಿಂದ ಮಾತ್ರ ಮೂರನೇ ಒಂದು ಪಾಲಿಗೆ ಸಿಗುತ್ತಿತ್ತು. ಉಳಿದ ದುಡ್ಡಿಗೆ ಅಕ್ಕನಿಗೆ ನೋವಿನ ಮಾತ್ರೆ, ಮೆತ್ತನೆ ಹಾಸಿಗೆ, ಮನೆಮಂದಿಗೆಲ್ಲ ಬಟ್ಟೆ. ಇಲ್ಲಿಂದ ಬರಿಗೈಯಲ್ಲಿ ಊರಿಗೆ ಹೋಗುವುದುಂಟೇ? ಬೇಡ ಎನ್ನಲು ಒಂದು ಕಾರಣ ಹುಡುಕಿದರೆ ಹತ್ತು ಸಿಗುತ್ತವೆ, ಅವಳಿಗೂ ಸಿಕ್ಕವು.

ಅಕ್ಕನನ್ನೇ ಕೇಳಿದಳು. "ದುಬಾರಿಯಾದ್ರೆ ಯಾಕೆ ಸಾಯ್ತೀಯಾ? ಜನವರಿಗೇ ಬಾ. ನಾನೆಲ್ಲಿ ಹೋಗ್ತೀನಿ!" ಎಂದು ಪೊಕುವಾ ನಕ್ಕಳು. ಅಕ್ಕ ಹಾಗಲ್ಲದೆ ಮತ್ತೆ ಹೇಗೆ ಹೇಳಿಯಾಳು? ದುಫಿ ಆ ನಗುವನ್ನು ನಂಬಿದಳು. ನಂಬುವುದು ಅವಳಿಗೆ ಬೇಕಾಗಿತ್ತು.

ಪಕ್ಕದ ಮನೆಯ ಗೆಳತಿ ಕೊನಾದು ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಲೇ ದುಫಿ, ತಲೆ ಕೆಟ್ಟಿದ್ಯೇನೇ? ನೀನು ತಾರೀಖು ಇಡ್ತಿರೋದು ಉಸಿರಾಡ್ತಿರೋ ಮನುಷ್ಯಳಿಗೆ ಕಣೇ! ಅವಳೇನು ಶವಾಗಾರದಲ್ಲಿ ಮಲಗಿದ್ದಾಳಾ, ಜನವರಿ ತನಕ ಕೆಡದೆ ಇರೋಕೆ?"

"ನಾಲಿಗೆ ಬಿದ್ದು ಹೋಗ್ಲಿ ನಿಂದು! ಅಕ್ಕನೇ ಹೇಳಿದ್ದಾಳೆ ಜನವರೀಂತ."

"ಅವಳು ಹೇಳ್ತಾಳೆ. ನಿಂಗೆ ಬುದ್ಧಿ ಬೇಡ್ವಾ?"

ಮೂರು ದಿನ ಇಬ್ಬರೂ ಮಾತು ಬಿಟ್ಟರು. ದುಫಿ ಜನವರಿಯ ಟಿಕೆಟ್ಟನ್ನೇ ಕೊಂಡಳು. ತಾರೀಖು ಬದಲಿಸಲಾಗದ, ದುಡ್ಡು ವಾಪಸು ಬಾರದ, ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು ಅದು. ಆ ಭಾನುವಾರ ಚರ್ಚಿನಲ್ಲಿ ಹೆಂಗಸರು ದರ ಕೇಳಿ ಬಾಯಿ ಬಿಟ್ಟರು. ಅವಳು ಸ್ವಲ್ಪ ಹಿಗ್ಗಿದಳು ಕೂಡ, ಪಾಪಿ.

ಕ್ರಿಸ್‌ಮಸ್ಸಿಗೆ ಇನ್ನೂ ಒಂದು ವಾರವಿದ್ದಾಗ ಮಧ್ಯಾಹ್ನ, ಪೊಕುವಾಳ ಮಗ ಒಸೈ ಫೋನು ಮಾಡಿದ. ಆಳೆತ್ತರದ ಗಂಡಸು ಮಕ್ಕಳ ಹಾಗೆ ಅಳುತ್ತಿದ್ದ. "ಚಿಕ್ಕಮ್ಮಾ, ಅಮ್ಮ ನೀರೂ ನುಂಗ್ತಿಲ್ಲ. ಬಾಗಿಲ ಕಡೆ ನೋಡ್ತಾಳೆ, ದುಫಿ ಬಂದ್ಲಾ ಅಂತಾಳೆ. ಈಗ್ಲೇ ಬಂದ್ಬಿಡು ಚಿಕ್ಕಮ್ಮಾ."

ದುಫಿ ಹೋಟೆಲಿನ ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದಳು. ಮಾರನೆಯ ದಿನಕ್ಕೆ ಸ್ಕಿಪೋಲಿನಿಂದಲೇ ಒಂದು ಸೀಟಿತ್ತು. ಅದರ ದರ ನೋಡಿದರೆ ವಿಮಾನವನ್ನೇ ಮಾರುತ್ತಿದ್ದಾರೇನೋ ಎನ್ನಬೇಕು. ಆದರೆ ಬ್ಯಾಂಕಿನಲ್ಲಿ ಅಷ್ಟು ದುಡ್ಡಿತ್ತು. ಇರಲಿಲ್ಲ ಎಂದು ಹೇಳುವಂತಿಲ್ಲ, ಇತ್ತು. ಹೆಸರು ತುಂಬಿದಳು, ಪಾಸ್‌ಪೋರ್ಟಿನ ಸಂಖ್ಯೆ ತುಂಬಿದಳು. ಕೊನೆಯ ಗುಂಡಿ ಒತ್ತಬೇಕು, ಅಷ್ಟೇ. ಆಗ ಅಷ್ಟು ವರ್ಷಗಳ ಚಾಳಿ ತಲೆಯೆತ್ತಿತು. ಇಷ್ಟು ಹತ್ತಿರದಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟೇ ಕೊಡುತ್ತಾರೆ. ಬೆಳಿಗ್ಗೆ ದರ ಇಳಿಯುತ್ತದೆ, ಇಳಿದೇ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಏನು ಮುಳುಗಿಹೋಗುತ್ತದೆ? ನಾಳೆ ಬೆಳಿಗ್ಗೆ ಕೊಂಡರೂ ಸಂಜೆಯ ವಿಮಾನ ಸಿಗುತ್ತದಲ್ಲ!

ಗುಂಡಿ ಒತ್ತಲಿಲ್ಲ. ಪೆಟ್ಟಿಗೆ ಕಟ್ಟಿಟ್ಟು ಮಲಗಿದಳು.

ಬೆಳಿಗ್ಗೆ ಎದ್ದು ನೋಡಿದರೆ ದರ ಇಳಿದಿತ್ತು. ಅವಳ ಲೆಕ್ಕ ಆಗಲೂ ತಪ್ಪಿರಲಿಲ್ಲ. "ನಾನು ಹೇಳ್ಲಿಲ್ವಾ!" ಎಂದು ಒಬ್ಬಳೇ ಗಟ್ಟಿಯಾಗಿ ಹೇಳಿ, ಟಿಕೆಟ್ ಕೊಳ್ಳಲು ಕಾರ್ಡು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಒಸೈಯ ಫೋನು ಬಂತು. ಅವನು ಈಗ ಅಳುತ್ತಿರಲಿಲ್ಲ.

"ಬೆಳಗಿನ ಜಾವ ಹೋಗ್ಬಿಟ್ಲು ಚಿಕ್ಕಮ್ಮ."

ದುಫಿ ನೆಲದ ಮೇಲೆ ಕುಸಿದು ಕೂತು, ಅಕ್ಕಾ, ಅಕ್ಕಾ ಎಂದು ಕೂಗಿದ್ದು ಕೇಳಿ ಕೊನಾದು ಓಡಿ ಬಂದಳು. ಜಗಳವಾಡಿದ್ದವಳು ಪಕ್ಕದಲ್ಲಿ ಕೂತು ಅವಳ ತಲೆಯನ್ನು ಎದೆಗೊತ್ತಿ ಹಿಡಿದಳು. ಕೆಳಗೆ ಬಿದ್ದಿದ್ದ ಫೋನಿನಲ್ಲಿ ಒಸೈ ಇನ್ನೂ ಕೂಗುತ್ತಿದ್ದ. ದುಫಿ ಅದನ್ನು ಎತ್ತಿಕೊಂಡಳು.

"ಇವತ್ತೇ ಬರ್ತೀನಿ ಕಣಪ್ಪಾ. ಎಷ್ಟಾದ್ರೂ ಆಗ್ಲಿ. ಸೀಟಿದೆ, ಈಗ್ಲೇ ಹೊರಡ್ತೀನಿ."

"ಬೇಡ ಚಿಕ್ಕಮ್ಮ. ಈಗ ಬಂದು ಏನು ಮಾಡ್ತೀಯಾ? ಹಿರಿಯರು ಬಂದಿದ್ರು. ಮಣ್ಣಿಗೆ ದಿನವೂ ಗೊತ್ತು ಮಾಡಿದ್ರು. ನೀನು ಬಂದಿಳಿಯೋ ವಾರದ ಶನಿವಾರ."

"ಜನವರೀಲಾ? ಅಷ್ಟು ದಿನ ಅವಳನ್ನ ಆ ಚಳೀಲಿ ಯಾಕೋ ಇಡ್ತೀರಾ? ನನಗೋಸ್ಕರ ಇಡ್ಬೇಡ್ರೋ. ಯಾರು ಹೇಳಿದ್ದೋ ಹಾಗೆ ಇಡೋಕೆ?"

"ಅಮ್ಮನೇ ಹೇಳಿದ್ದು ಚಿಕ್ಕಮ್ಮ. ನಿನ್ನೆ ಸಂಜೆ, ಕೊನೇ ಸಲ ಮಾತಾಡಿದ್ದೇ ಅದು. 'ನನ್ನ ಬೇಗ ಮಣ್ಣು ಮಾಡ್ಬೇಡಿ. ದುಫಿ ಟಿಕೆಟ್ ತಗೊಂಡ್ಬಿಟ್ಟಿದ್ದಾಳೆ, ಪಾಪ, ದುಡ್ಡು ಹಾಳಾಗತ್ತೆ' ಅಂದ್ಲು."