ಎರಡನೆಯ ಗೆರೆ

“ಎರಡನೇ ಗೆರೆ ಬಂದ್ಬುಟ್ಟಿದೆ ಕಣಮ್ಮ,” ಎಂದು ಶ್ರೀರಾಂಪುರದಿಂದ ಪ್ರೇಮಲೀಲತ್ತೆ ಫೋನ್ ಮಾಡಿದಾಗ ನಿಶ್ಚಿತಾ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು. ಕೊರೋನಾ ಪರೀಕ್ಷೆಯ ಕಿಟ್ಟಿನ ಫೋಟೊ ಕಳಿಸಲು ಹೇಳಿದಳು. ಬಂತು. ಮೊದಲ ಗೆರೆ ಕಡುಗೆಂಪು, ಎರಡನೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಆದರೂ ಗೆರೆ ಗೆರೆಯೇ.

ಅವಳ ಅಪ್ಪ ಅಮರೇಶ್‌ಗೆ ರಕ್ತದ ಕ್ಯಾನ್ಸರ್. ಮೂರನೆಯ ಕೀಮೋ ಆಗಿತ್ತು. ಸಣ್ಣ ಸೋಂಕನ್ನೂ ಈ ಮೈ ತಡೆಯದು ಎಂದು ಡಾಕ್ಟರು ಹೇಳಿದ್ದರು. ಕೊರೋನಾದ ಮೂರನೆಯ ಅಲೆ ಎದ್ದಿದ್ದ ಆ ಜನವರಿಯಲ್ಲಿ, ಸಿದ್ಧಾರ್ಥನಗರದ ತಮ್ಮ ಮನೆಗೆ ಬರುವವರು ಮೊದಲು ತಾವೇ ಪರೀಕ್ಷೆ ಮಾಡಿಕೊಂಡು ಬರಬೇಕು ಎಂಬ ಕಟ್ಟಳೆ ತಂದವಳು ನಿಶ್ಚಿತಾ. ನೆಂಟರು ಬರುವುದನ್ನೇ ಬಿಟ್ಟರು. ಅತ್ತೆ ಮಾತ್ರ ಬಿಡಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರು. ಮೂಗಿನಲ್ಲಿ ಕಡ್ಡಿಯನ್ನು ಎಷ್ಟು ಸಲ ತಿರುಗಿಸಬೇಕು, ಕಿಟ್ಟಿನ ಮೇಲೆ ಎಷ್ಟು ಹನಿ ಬಿಡಬೇಕು ಎಂಬುದನ್ನೆಲ್ಲ ನಿಶ್ಚಿತಾ ಫೋನಿನಲ್ಲೇ ಹೇಳಿಕೊಟ್ಟಿದ್ದಳು. ಕಾಲು ಗಂಟೆ ಬಿಟ್ಟು ನೋಡಿ ಎಂದಿದ್ದಳು.

ಮನೆಯ ಪರೀಕ್ಷೆಯಲ್ಲಿ ಎರಡನೆಯ ಗೆರೆ ಬಂದರೆ ಸೋಂಕಿದೆ ಎಂದೇ ಲೆಕ್ಕ, ಮತ್ತೆ ಲ್ಯಾಬಿಗೆ ಹೋಗಬೇಕಿಲ್ಲ, ಏಳು ದಿನ ಒಳಗೇ ಇರಬೇಕು ಎಂಬುದು ಆಗಿನ ನಿಯಮ. ಅತ್ತೆಗೆ ಜ್ವರ ಬರಲಿಲ್ಲ, ಕೆಮ್ಮೂ ಇಲ್ಲ. ಆದರೂ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಬಾಗಿಲು ಹಾಕಿಕೊಂಡು ಕೂತರು. ಮೂರನೆಯ ದಿನ ಅಮರೇಶ್ ತಾವೇ ಫೋನ್ ಕೇಳಿ ಇಸಿದುಕೊಂಡರು.

“ಕಿಟಕಿ ಹತ್ರನಾದ್ರೂ ಬಂದು ನಿಂತ್ಕೊ ಅಕ್ಕ. ಮುಖ ನೋಡ್ಬೇಕು.”

“ಏಳು ದಿನ ಕಳೀಲಿ ಕಣೋ. ನನ್ನ ಕೈಯಾರೆ ನಿಂಗೆ ಕಾಯ್ಲೆ ತರ್ಲಾ?”

ಐದನೆಯ ದಿನ ಮಧ್ಯಾಹ್ನ ಅಮರೇಶ್‌ಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಮಣ್ಣು ಮಾಡುವಾಗ ಎಲ್ಲರೂ ಒಬ್ಬೊಬ್ಬರಾಗಿ ವಿಭೂತಿ, ಬಿಲ್ವಪತ್ರೆ ಹಾಕಿ ಬಂದರು. ಅತ್ತೆ ಎರಡು ಮಾಸ್ಕ್ ಹಾಕಿಕೊಂಡು ರುದ್ರಭೂಮಿಯ ಗೇಟಿನಾಚೆ ರಸ್ತೆಯಲ್ಲೇ ನಿಂತಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರು. ತಮ್ಮನ ಕೋಣೆಯತ್ತ ನೋಡಲೇ ಇಲ್ಲ. ನಿಶ್ಚಿತಾ ಮಜ್ಜಿಗೆ ತಂದುಕೊಟ್ಟಳು. ಲೋಟ ಕೈಯಲ್ಲಿ ಹಿಡಿದುಕೊಂಡೇ ಅವರು ಮಾತು ತೆಗೆದರು.

“ಅವತ್ತು ಹನಿ ಬಿಟ್ಟು ಇಟ್ಟೆ. ಅಷ್ಟ್ರಲ್ಲಿ ಯಾರೋ ಬ್ಲೌಸ್ ಅಳತೆ ಕೊಡೋಕೆ ಬಂದ್ರು. ಅವ್ರು ಹೋಗೋ ಹೊತ್ಗೆ ಗಂಟೆ ಮೇಲಾಗಿತ್ತು. ಪುಣ್ಯಕ್ಕೆ ಹೊರಡೋ ಮುಂಚೆ ಒಂದ್ಸಲ ನೋಡ್ದೆ. ನೋಡ್ದೇನೇ ಬಂದ್ಬುಟ್ಟಿದ್ರೆ ಏನ್ ಗತಿ?”

ಇಪ್ಪತ್ತು ನಿಮಿಷ ದಾಟಿದ ಮೇಲೆ ಮೂಡುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕಿಟ್ಟಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಿಶ್ಚಿತಾ ಅದನ್ನು ಓದಿದ್ದಳು. ಅತ್ತೆಗೆ ಅದೊಂದನ್ನು ಹೇಳಿರಲಿಲ್ಲ. ಫೋಟೊ ಬಂದಾಗ ಎಷ್ಟು ಹೊತ್ತಿಗೆ ನೋಡಿದಿರಿ ಎಂದು ಕೇಳಿರಲೂ ಇಲ್ಲ.

“ನಾನು ಸರಿಯಾಗ್ ಮಾಡಿದ್ನಾ ಮಗಾ?”

ನಿಶ್ಚಿತಾ ಬಾಯಿ ತೆರೆದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

“ಸರಿಯಾಗೇ ಮಾಡಿದ್ರಿ ಅತ್ತೆ.”

ಅತ್ತೆ ತಲೆಯಾಡಿಸಿದರು. ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು, ಗೋಡೆ ಹಿಡಿದುಕೊಂಡು ಎದ್ದು, ಮೆಲ್ಲಗೆ ತಮ್ಮನ ಕೋಣೆಯೊಳಗೆ ಹೋದರು. ಹಾಸಿಗೆಯನ್ನು ತೆಗೆದು ಬಿಸಿಲಿಗೆ ಹಾಕಿದ್ದರಿಂದ ಮಂಚದ ಹಲಗೆಗಳಷ್ಟೇ ಉಳಿದಿದ್ದವು. ಅತ್ತೆ ನೆಲದ ಮೇಲೆ ಕೂತು, ಅಂಗೈಯನ್ನು ಹಲಗೆಯ ಮೇಲಿಟ್ಟು, ಮಲಗಿದ ಮಗುವನ್ನು ತಟ್ಟುವ ಹಾಗೆ ಮೆತ್ತಗೆ ತಟ್ಟತೊಡಗಿದರು. ನಿಶ್ಚಿತಾ ಖಾಲಿ ಲೋಟ ಹಿಡಿದು ಹೊಸ್ತಿಲ ಈಚೆಯೇ ನಿಂತಿದ್ದಳು.