ಬಾಗುಕಿಟಕಿಗೆ ನಾಲ್ವರು

ಸ್ಕಾರ್ವೆ ಬಂದರಿನಲ್ಲಿ ಈ ಸಂಗತಿಯನ್ನು ಹೇಳುವವರು ಯಾರೇ ಆಗಲಿ, ಕಿಟಕಿಯಿಂದಲೇ ಆರಂಭಿಸುತ್ತಾರೆ. ಕಟ್ಟೆಬೀದಿಯ ನಾಲ್ಕನೆಯ ಮನೆಗೆ, ಉಂಡ ಯಜಮಾನ ಹೊಟ್ಟೆ ಮುಂದೆಮಾಡಿಕೊಂಡು ಬಾಗಿಲಲ್ಲಿ ನಿಂತಂತೆ, ಒಂದು ಬಾಗುಕಿಟಕಿ ಇದೆ. ಅದಕ್ಕೆ ಐದು ಗಾಜು. ಕಟ್ಟಿದಾತ ನಾಲ್ಕನ್ನು ಸಮನಾಗಿ ಕೂರಿಸಿಕೊಂಡು ಬಂದನಂತೆ. ಐದನೆಯದರ ಹೊತ್ತಿಗೆ ಪಕ್ಕದ ಮನೆಯ ಗೋಡೆ ಅಡ್ಡಬಂದುದರಿಂದ ಅದನ್ನು ಕಿರಿದುಮಾಡಿ ಮುಗಿಸಿದ. ಎಷ್ಟು ಕಿರಿದೆಂಬಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಮೀನುಪೇಟೆಯವರು ನಾಲ್ಕು ಅಂಗುಲ ಎನ್ನುತ್ತಾರೆ, ಗುಡ್ಡದ ಮೇಲಿನವರು ಎರಡು. ರೋನಾ ಮೇರ್ ಹೇಳುವುದು ಮೂರೂಕಾಲು. ಅವಳನ್ನು ನಂಬುವುದು ಲೇಸು. ಮಿಸ್ ಲೀಸ್ಕ್ ಅವರ ಬಟ್ಟೆಯಂಗಡಿಯಲ್ಲಿ ಹದಿನಾರು ವರ್ಷದಿಂದ ಪರದೆ ಕತ್ತರಿಸಿ ಹೊಲಿಯುತ್ತಿರುವವಳು ಅವಳು. ಅದಕ್ಕಿಂತ ಹೆಚ್ಚಾಗಿ, ಆ ಮನೆ ಅವಳಿಗೆ ಬೇಕಾಗಿತ್ತು.

ಬೇಕಾಗಿತ್ತು ಎಂಬುದು ಸಣ್ಣ ಮಾತು. ರೋನಾ, ಮೀನಿನ ಲಾರಿ ಓಡಿಸುವ ಅವಳ ಗಂಡ ಇನ್ನೆಸ್ ಮತ್ತು ಇಬ್ಬರು ಹೆಣ್ಣುಮಕ್ಕಳು ಬ್ರೆಡ್ಡಿನಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಆ ಕೋಣೆಗಳನ್ನು ಬೇಸಗೆಯ ಪ್ರವಾಸಿಗಳಿಗೆ ಕೊಡುವುದೆಂದು ಒಡೆಯ ತೀರ್ಮಾನಿಸಿ, ಆಗಸ್ಟ್ ಕೊನೆಯೊಳಗೆ ಖಾಲಿಮಾಡಿ ಎಂದಿದ್ದ. ಅದೇ ವರ್ಷ ಎರಡು ಮನೆಗೆ ಬೆಲೆ ಬರೆದುಕೊಟ್ಟು ಎರಡನ್ನೂ ಕಳೆದುಕೊಂಡಿದ್ದರು. ಇದೂ ಹೋದರೆ ನಲವತ್ತು ಮೈಲಿ ಆಚೆಯ ಪಟ್ಟಣದಲ್ಲಿ ರೋನಾಳ ಅಕ್ಕನ ಮನೆಯೇ ಗತಿ. ಅಲ್ಲಿಗೆ ಹೋದರೆ ಅಂಗಡಿಯ ಕೆಲಸವಿಲ್ಲ, ಮಕ್ಕಳಿಗೆ ಈ ಶಾಲೆಯಿಲ್ಲ, ಹುಟ್ಟಿದ ಊರಿಲ್ಲ.

ಮನೆ ತೋರಿಸಲು ಬಂದವನು ಏಜೆಂಟ್ ಕ್ರೇಗ್ ಡಾಲ್‌ಗಾರ್ನೊ. ಭಾನುವಾರ ಎರಡರಿಂದ ನಾಲ್ಕರವರೆಗೆ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಒಂದೇ ಮಂತ್ರವನ್ನು ಹೇಳುತ್ತಿದ್ದ.

"ತುಂಬಾ ಜನ ಕೇಳ್ತಿದಾರೆ, ರೋನಾ."

"ಎಷ್ಟು ಜನ?"

"ತುಂಬಾ."

"ತುಂಬಾ ಅಂದ್ರೆ ಮೂರಾ, ಮೂವತ್ತಾ?"

"ಅದನ್ನ ನಾನು ಹೇಳೋ ಹಾಗಿಲ್ಲ. ಆದ್ರೆ ತುಂಬಾ."

ಇನ್ನೆಸ್ ಗೋಡೆ ತಟ್ಟಿ ನೋಡುತ್ತಿದ್ದವನು ತಿರುಗಿದ. "ಹೋದ ವರ್ಷ ಗಾಳಿಗೆ ಸೂರು ಹಾರಿಹೋಗಿತ್ತಲ್ಲ, ಆ ಮನೆಗೂ ಹಿಂಗೇ ಅಂದಿದ್ಯಪ್ಪ ನೀನು."

"ಅದನ್ನೂ ತುಂಬಾ ಜನ ಕೇಳಿದ್ರು, ಇನ್ನೆಸ್."

"ಹೂಂ. ಸೂರು ಎಲ್ಲಿ ಅಂತ ಕೇಳಿದ್ರು."

ಅಲ್ಲಿಯ ಕ್ರಮ ಎಲ್ಲರಿಗೂ ತಿಳಿದದ್ದೇ. ಮಾರಾಟದ ಹಲಗೆಯ ಮೇಲೆ ಬರೆದ ಬೆಲೆ ಬೆಲೆಯಲ್ಲ, ಏಣಿಯ ಮೊದಲ ಮೆಟ್ಟಿಲು. ಬೇಕಾದವರು ತಮ್ಮ ತಮ್ಮ ವಕೀಲರ ಮೂಲಕ ಒಂದೊಂದು ಲಕೋಟೆಯಲ್ಲಿ ಒಂದೇ ಒಂದು ಅಂಕಿ ಬರೆದು, ಗಡುವಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಏಜೆಂಟನಿಗೆ ಮುಟ್ಟಿಸಬೇಕು. ಇನ್ನೊಬ್ಬರ ಲಕೋಟೆಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಮತ್ತೊಮ್ಮೆ ಬರೆಯುವ ಅವಕಾಶವೂ ಇಲ್ಲ; ಹೆಚ್ಚು ಬರೆದವರಿಗೆ ಮನೆ. ಮನೆ ಪರೀಕ್ಷಿಸುವ ಸರ್ವೆಯವನು ಕಟ್ಟಿದ ಬೆಲೆಯವರೆಗೆ ಬ್ಯಾಂಕು ಸಾಲ ಕೊಡುತ್ತದೆ. ಅದರ ಮೇಲೆ ಏರಿಸುವುದೆಲ್ಲ ಸ್ವಂತ ಜೇಬಿನಿಂದ. ಈ ಕೊನೆಯ ಮಾತನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಭಾನುವಾರ ಸಂಜೆಯೇ ಗಂಡಹೆಂಡಿರು ಕೂತು ಅಂಕಿ ನಿಶ್ಚಯಿಸಿದರು: ಒಂದು ಲಕ್ಷದ ಎಪ್ಪತ್ತೆಂಟು ಸಾವಿರ ಪೌಂಡ್. ಬೇರೆ ಯಾರಿಗೂ ಬಾಯಿ ಬಿಡಲಿಲ್ಲ. ಸ್ಕಾರ್ವೆಯಲ್ಲಿ ಬಸುರಿನ ಸುದ್ದಿ ಮೂರನೆಯ ವಾರಕ್ಕೇ ಹೊರಬಿದ್ದರೂ ಲಕೋಟೆಯ ಸುದ್ದಿ ಹೊರಬೀಳುವುದಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಮೊದಲು ಬಂದವರು ಪಟ್ಟಣದ ದಂತವೈದ್ಯನ ಹೆಂಡತಿ ಮಿಸೆಸ್ ಪಿರೀ. ಒಂದು ಚೀಟಿ ತೆಗೆದು ಕಿಟಕಿಯ ಅಳತೆ ಓದಿದರು. ನಾಲ್ಕು ಗಾಜು ಸಮ, ಐದನೆಯದು ಮೂರೂಕಾಲು ಅಂಗುಲ ಕಮ್ಮಿ. ರೋನಾಳ ಕೈಯ ಪೆನ್ಸಿಲ್ ಒಂದು ಕ್ಷಣ ನಿಂತಿತು.

"ದ್ರಾಕ್ಷಿ ಬಣ್ಣದ ಮಖಮಲ್ಲು ಇರಲಿ. ನೆಲಕ್ಕೆ ತಾಗೋ ಹಾಗೆ. ಕೆಳಗೆ ಕುಚ್ಚು," ಎಂದರು ಮಿಸೆಸ್ ಪಿರೀ. "ಬೇಸಗೆಗೆ ಬಂದು ಹೋಗೋಕೆ ಅಂತ ತಗೊಳ್ತಿರೋ ಮನೆ. ಮುಂಗಡ ಎಷ್ಟು ಕೊಡ್ಲಿ?"

ಮಂಗಳವಾರ ಬಂದವರು ಇಮ್ಲಾ ಮೇಷ್ಟ್ರು. ಶಾಲೆಯಲ್ಲಿ ರೋನಾಳಿಗೆ ವಿಜ್ಞಾನ ಹೇಳಿಕೊಟ್ಟವರು, ಈಗ ನಿವೃತ್ತರು. ಸುರುಳಿ ಪರದೆಗೆ ಎಷ್ಟಾಗುತ್ತದೆಂದು ಕೇಳಿ, ನಾಲ್ಕು ಗಾಜಿನ ಅಳತೆ ಹೇಳಿ, ಕನ್ನಡಕ ಒರೆಸತೊಡಗಿದರು. ರೋನಾ ಬರೆದುಕೊಂಡು ಲೆಕ್ಕ ಹೇಳಿದಳು. ಮೇಷ್ಟ್ರು ಅವಳ ಚೀಟಿಯನ್ನು ನೋಡಿ, ಅವಳ ಮುಖ ನೋಡಿ, "ಯೋಚನೆ ಮಾಡ್ತೀನಮ್ಮ" ಎಂದು ಹೊರಟರು.

ಬುಧವಾರ ಬಂದವಳು ಮೊರ್ವೆನ್ ರಿಚ್. ಆಸ್ಪತ್ರೆಯ ನರ್ಸು; ಗಂಡ ಏಡಿ ಹಿಡಿಯುವ ದೋಣಿಯವನು. ಅವಳ ಚೀಟಿಯಲ್ಲೂ ಅದೇ ಐದು ಗಾಜು.

"ಎಲ್ಲಕ್ಕಿಂತ ಅಗ್ಗದ್ದು ಯಾವುದಿದೆ, ರೋನಾ?"

ರೋನಾ ತೋರಿಸಿದಳು.

"ಅದಕ್ಕಿಂತ ಅಗ್ಗದ್ದು?"

"ಅದಕ್ಕಿಂತ ಅಗ್ಗ ಅಂದ್ರೆ ಲೈನಿಂಗ್ ಬಟ್ಟೆ."

"ನಮ್ಮನೇಲಿರೋ ಬೆಡ್‌ಶೀಟನ್ನೇ ತಂದುಕೊಟ್ರೆ ಅಂಚು ಹೊಲ್ಕೊಡ್ತೀಯಾ? ನಗಬೇಡ ಕಣೇ."

"ನಗ್ತಿಲ್ಲ," ಎಂದಳು ರೋನಾ. ನಿಜವಾಗಿಯೂ ಅವಳಿಗೆ ನಗು ಬಂದಿರಲಿಲ್ಲ.

ಆ ಸಂಜೆ ಅಂಗಡಿ ಮುಚ್ಚುವಾಗ ಮಿಸ್ ಲೀಸ್ಕ್ ಮೂರು ಚೀಟಿಗಳನ್ನೂ ಕತ್ತರಿಸುವ ಮೇಜಿನ ಮೇಲೆ ಸಾಲಾಗಿಟ್ಟರು. ಎಪ್ಪತ್ತೆರಡರ ಆ ಒಂಟಿ ಹೆಂಗಸಿಗೆ ಊರಿನ ಕಿಟಕಿಗಳೆಲ್ಲ ಬಾಯಿಪಾಠ.

"ಕಟ್ಟೆಬೀದಿಯ ನಾಲ್ಕನೇ ನಂಬರು. ಯಾರಿಗೆ ಹೋಗುತ್ತೆ ಹೇಳು ನೋಡೋಣ."

"ಇನ್ಯಾರಿಗೆ, ಮಿಸ್ ಲೀಸ್ಕ್? ಮಖಮಲ್ಲಿನವರಿಗೆ. ದುಡ್ಡಿರೋರು."

"ಹದಿನಾರು ವರ್ಷ ನನ್ನ ಮೇಜಿನ ಮುಂದೆ ನಿಂತು ಇಷ್ಟೇನಾ ಕಲ್ತಿದ್ದು ನೀನು?" ಮಿಸ್ ಲೀಸ್ಕ್ ಮೊದಲ ಚೀಟಿಯನ್ನು ಬೆರಳಿನಿಂದ ತಳ್ಳಿದರು. "ಮೇಲೆ ಏರಿಸೋ ದುಡ್ಡೂ, ಪರದೆ ದುಡ್ಡೂ ಬರೋದು ಒಂದೇ ಜೇಬಿಂದ. ಮನೆ ಸಿಗೋ ಮುಂಚೆ ಕುಚ್ಚಿಗೆ ಸುರಿಯೋಳು ಮನೆಗೆ ಸುರಿಯೋಲ್ಲ. ನನ್ನ ಕೇಳಿದ್ರೆ, ಹೆದರಬೇಕಾಗಿರೋದು ಬೆಡ್‌ಶೀಟಿನ ಹುಡುಗಿಗೆ. ಅವಳ ಜೇಬಲ್ಲಿ ಒಂದು ನೂಲಿಗೂ ಉಳಿದಿಲ್ಲ. ಎಲ್ಲಾ ಲಕೋಟೆಗೇ ಹೋಗ್ತಿದೆ. ನಲವತ್ತು ವರ್ಷದಲ್ಲಿ ನಾನು ತಪ್ಪಿದ್ದು ಎರಡೇ ಸಲ... ಯಾಕೆ, ನಿನ್ನ ಮುಖ ಹಾಗ್ಯಾಕಾಯ್ತು?"

ರೋನಾ ಕತ್ತರಿಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದಳು.

"ನಾವೂ ಲಕೋಟೆ ಹಾಕ್ತಿದೀವಿ, ಮಿಸ್ ಲೀಸ್ಕ್."

ಮಿಸ್ ಲೀಸ್ಕ್ ಕುರ್ಚಿ ಎಳೆದುಕೊಂಡು ಕೂತರು. "ಮೊದಲೇ ಬೊಗಳಬಾರದಾಗಿತ್ತಾ? ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಗಿರಾಕಿಗಳ ಗುಟ್ಟನ್ನೆಲ್ಲ ಅವರ ಎದುರಾಳಿ ಕೈಗೇ ಕೊಟ್ಟಹಾಗಾಯ್ತಲ್ಲೇ!"

"ನಾನೇನು ಮಾಡ್ಲಿ? ಕೇಳಿದ್ದನ್ನ ಕೇಳಿಲ್ಲ ಅನ್ನೋಕಾಗತ್ತಾ?"

"ಆಗೋಲ್ಲ. ಆದ್ರೆ ನಾಳೆ ಮೂವರಿಗೂ ಫೋನ್ ಮಾಡಿ, ನೀನೂ ಇದೀಯ ಅಂತ ಹೇಳು. ಅವರು ಬಟ್ಟೆ ಹೊಲಿಯೋಳ ಹತ್ತಿರ ಮಾತಾಡಿದ್ದು, ಲಕೋಟೆಯವಳ ಹತ್ತಿರ ಅಲ್ಲ."

ಗುರುವಾರ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲೇ ರೋನಾ ಫೋನ್ ಹಿಡಿದಳು. ಮಿಸೆಸ್ ಪಿರೀ ಬೇಸರಿಸಿಕೊಳ್ಳಲೇ ಇಲ್ಲ. "ಅಯ್ಯೋ, ಒಳ್ಳೇದೇ ಆಯ್ತಲ್ಲ! ಕಿಟಕಿ ನೀವೇ ನೋಡಿದೀರ ಅಂದ್ಮೇಲೆ ಅಳತೆ ತಪ್ಪೋ ಭಯ ಇಲ್ಲ," ಎಂದರು. ಇಮ್ಲಾ ಮೇಷ್ಟ್ರು ನಕ್ಕರು.

"ಮಂಗಳವಾರವೇ ಗೊತ್ತಾಯ್ತಮ್ಮ. ನಾನು ಹೇಳಿದ್ದು ನಾಲ್ಕು ಗಾಜು. ಐದನೇದನ್ನ ನೀನಾಗೇ ಬರ್ಕೊಂಡೆ. ಪರೀಕ್ಷೇಲೂ ಹೀಗೇ, ಪ್ರಶ್ನೆ ಓದೋಕೆ ಮುಂಚೆ ಉತ್ತರ ಬರೀತಿದ್ದೆ."

"ತಪ್ಪಾಯ್ತು, ಸರ್."

"ಇಲ್ಲ, ಉತ್ತರ ಸರಿಯಾಗೇ ಇತ್ತು."

ಮೊರ್ವೆನ್ ಮಾತ್ರ ತಡವರಿಸಿದಳು. "ಅಂದ್ರೆ ಬೆಡ್‌ಶೀಟ್ ಅಂದಿದ್ದು..."

"ಹೂಂ. ಎಲ್ಲಾ ಲಕೋಟೆಗೇ ಹಾಕ್ತಿದೀರ ಅಂತ ನಂಗೆ ಹೇಳ್ದಹಾಗಾಯ್ತು."

"ಥೂ, ನಾಚಿಕೆ. ಹೋಗ್ಲಿ ಬಿಡು. ಅರ್ಧ ಗೊತ್ತಾಗಿದೆ ಅಂದ್ಮೇಲೆ ಪೂರ್ತಿ ಕೇಳ್ಬಿಡು, ನೀನೂ ನಿಂದು ಹೇಳು, ಸರಿಸಮ ಆಗ್ಲಿ. ನಾವು ಬರೀತಿರೋದು ಒಂದು ಲಕ್ಷದ—"

"ಹೇಳ್ಬೇಡ!"

"ಒಂದು ಲಕ್ಷದ ಎಂ—"

ರೋನಾ ಗಟ್ಟಿಯಾಗಿ ಹಾಡತೊಡಗಿದಳು. ಆ ಗಳಿಗೆಗೆ ಬಾಯಿಗೆ ಬಂದದ್ದು ಇಗರ್ಜಿಯಲ್ಲಿ ಶವದ ಮುಂದೆ ಹಾಡುವ ಕೀರ್ತನೆ. ರಾತ್ರಿಯ ಸರಕು ಇಳಿಸಿ ಆಗತಾನೆ ಒಳಬಂದ ಇನ್ನೆಸ್ ಹ್ಯಾಟು ತೆಗೆದು ಕೈಯಲ್ಲಿ ಹಿಡಿದ. "ಯಾರು ಹೋದ್ರು?" ಎಂದು ಪಿಸುಗುಟ್ಟಿದ. ಆಚೆ ತುದಿಯಲ್ಲಿ ಮೊರ್ವೆನ್ ನಗುತ್ತಿದ್ದುದು ಅವನಿಗೂ ಕೇಳಿಸಿತು. ಆಮೇಲೆ ಇಬ್ಬರು ಹೆಂಗಸರು ಅಂಕಿ ಬಿಟ್ಟು ಬೇರೆಲ್ಲ ಮಾತಾಡಿದರು: ಬ್ರೆಡ್ಡಿನಂಗಡಿಯ ಒಡೆಯ, ಆಗಸ್ಟ್ ತಿಂಗಳು, ಏಡಿಯ ವಾಸನೆ, ಮಕ್ಕಳು.

ಸಂಗತಿಯೆಲ್ಲ ಕೇಳಿದ ಇನ್ನೆಸ್ ಗಡ್ಡ ಕೆರೆದುಕೊಂಡ. "ನಮ್ಮ ವ್ಯಾನು ಮಾರಿದ್ರೆ ಇನ್ನೂ ನಾಲ್ಕು ಸಾವಿರ ಸೇರಿಸ್ಬಹುದು. ಅವರು ಎಲ್ಲಾ ಸುರೀತಿದಾರೆ ಅಂತ ಗೊತ್ತಾಯ್ತಲ್ಲ."

"ಗೊತ್ತಾಗಿದ್ದಕ್ಕೇ ಬೇಡ. ಭಾನುವಾರ ನಿಶ್ಚಯ ಮಾಡಿದ್ದು ನಮ್ಮ ಅಂಕಿ. ಇದು ಮೇಜಿನ ಮೇಲೆ ಸಿಕ್ಕಿದ್ದು. ಆ ಹುಡುಗಿ ನಂಗೆ ಕೊಟ್ಟಿದ್ದು ಕಿಟಕಿ ಅಳತೆ, ಇನ್ನೆಸ್, ಜೇಬಿನ ಅಳತೆ ಅಲ್ಲ."

"ಮನೆ ಹೋದ್ರೆ?"

ರೋನಾ ಫೋನನ್ನು ಅದರ ಜಾಗದಲ್ಲಿಟ್ಟು ಅಂಗಡಿಗೆ ಹೊರಟಳು. ಇನ್ನೆಸ್ ವ್ಯಾನಿನ ಮಾತನ್ನು ಮತ್ತೆ ತೆಗೆಯಲಿಲ್ಲ. ಅದಕ್ಕಾಗಿ ಅವನನ್ನು ಮೆಚ್ಚಿಕೊಳ್ಳದೆ ಈ ಸಂಗತಿ ಹೇಳುವವರನ್ನು ಸ್ಕಾರ್ವೆಯಲ್ಲಿ ಕಾಣಲಿಕ್ಕಿಲ್ಲ.

ಶುಕ್ರವಾರ ಹನ್ನೆರಡಕ್ಕೆ ಲಕೋಟೆಗಳು ಸೇರಿದವು. ಮೂರಕ್ಕೆ ಡಾಲ್‌ಗಾರ್ನೊ ಫೋನ್ ಮಾಡಿದ.

"ಬೇಜಾರು ಮಾಡ್ಕೋಬೇಡ, ರೋನಾ. ತುಂಬಾ—"

"ಜನ ಕೇಳಿದ್ರು. ಗೊತ್ತು. ನಾಲ್ಕೇ ಜನ, ಕ್ರೇಗ್."

"ಯಾರು ಹೇಳಿದ್ದು ನಿಂಗೆ?" ಎಂದ ಏಜೆಂಟ್, ಮೊದಲ ಬಾರಿಗೆ ಮಂತ್ರ ಮರೆತು.

ಗೆದ್ದವರ ಅಂಕಿ ಹೊರಗೆ ಹೇಳುವಂತಿಲ್ಲವಾದರೂ ಲಕೋಟೆ ಒಡೆದ ಮೇಲೆ ಗುಟ್ಟಿಗೆ ಆಯುಸ್ಸಿಲ್ಲ. ಸಂಜೆಯ ಚಹಾದ ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು. ಬೆಡ್‌ಶೀಟಿನ ಹುಡುಗಿಗೇ ಮನೆ ಹೋಗಿತ್ತು, ಒಂದು ಲಕ್ಷದ ಎಂಬತ್ತೊಂದು ಸಾವಿರಕ್ಕೆ. ಮಖಮಲ್ಲು ಎಲ್ಲರಿಗಿಂತ ಕೆಳಗೆ. ವ್ಯಾನು ಮಾರಿದ್ದರೆ ಕಟ್ಟೆಬೀದಿಯ ಮನೆ ಮೇರ್ ದಂಪತಿಯದಾಗುತ್ತಿತ್ತು. ರೋನಾ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು, ಯಾವ ಪಾತ್ರೆಯನ್ನು ಮೊದಲು ಪೆಟ್ಟಿಗೆಗೆ ಹಾಕಲಿ ಎಂದು ನೋಡುತ್ತಿದ್ದಳು. ಒಂದಕ್ಕೂ ಕೈ ಹೋಗಲಿಲ್ಲ.

ಶನಿವಾರ ಅಂಗಡಿ ತೆರೆಯುವ ಮುಂಚೆಯೇ ಮೊರ್ವೆನ್ ಬಾಗಿಲು ಬಡಿದಳು.

"ಬೈಯೋದಾದ್ರೆ ಈಗ್ಲೇ ಬೈದ್ಬಿಡು."

"ಯಾಕೆ ಬೈಲಿ? ನೀನು ಹೆಚ್ಚು ಬರೆದೆ, ನಿಂಗೆ ಹೋಯ್ತು."

"ಸರಿ. ಹಾಗಾದ್ರೆ ಒಂದು ಕೇಳ್ತೀನಿ. ನಾವು ಆ ಮನೆಗೆ ಬಂದ್ರೆ, ಎಲ್ಲಿಂದ ಬರ್ತೀವಿ?"

ರೋನಾ ಅವಳನ್ನು ನೋಡಿದಳು. ವರ್ಷವಿಡೀ ಮನೆ ಮನೆ ಎಂದು ತಿರುಗಿದ್ದರೂ, ಒಂದು ಮನೆ ಹೊಕ್ಕವರು ಇನ್ನೊಂದನ್ನು ಬಿಟ್ಟೇ ಬಂದಿರುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ.

"ಗುಡ್ಡದ ಮೇಲೆ, ಕಟನಾಕ್ ಅಜ್ಜನ ಮನೇಲಿ ಬಾಡಿಗೆಗಿರೋದು ನಾವು," ಎಂದಳು ಮೊರ್ವೆನ್. "ನಾವು ಬಿಟ್ಮೇಲೆ ಮಾರಿಬಿಡ್ತಾರಂತೆ. ಏಜೆಂಟ್ ಅಂದ್ರೆ ಕೆಂಡ ಕಾರ್ತಾರೆ. ನಿಮ್ಮ ವಿಷಯ ಹೇಳಿದೀನಿ. ಕಡಲು ಕಾಣಲ್ಲ, ಬಾಗಿಲಲ್ಲಿ ಇನ್ನೆಸ್ ತಲೆ ಬಗ್ಗಿಸ್ಬೇಕಾಗುತ್ತೆ. ಆದ್ರೆ ಮೂರು ಕೋಣೆ. ನಾಳೆ ಮಧ್ಯಾಹ್ನ ಬನ್ನಿ ಅಂದಿದಾರೆ."

ಭಾನುವಾರ ಇನ್ನೆಸ್ ತಲೆ ಬಗ್ಗಿಸಲಿಲ್ಲ. ಹಣೆ ಉಜ್ಜಿಕೊಳ್ಳುತ್ತಲೇ ಒಳಗೆ ಕೂತ. ಕಟನಾಕ್ ಎಂಬತ್ತರ ಮುದುಕ, ಕುರಿಗಳನ್ನು ಕೂಗಿ ಕೂಗಿ ದನಿ ಒರಟಾದವನು. ಅಡುಗೆಮನೆಯ ಮೇಜಿನ ಮೇಲೆ ಸರ್ವೆಯವನ ಕಾಗದವನ್ನು ಹರಡಿದ.

"ಬೇರೆ ಎಷ್ಟು ಜನ ಕೇಳ್ತಿದಾರೆ?" ಎಂದಳು ರೋನಾ.

"ಯಾರೂ ಇಲ್ಲ."

ಗಂಡಹೆಂಡಿರು ಮುಖಮುಖ ನೋಡಿಕೊಂಡರು. ಮಾರುವವನ ಬಾಯಿಂದ ಆ ಎರಡು ಪದಗಳನ್ನು ಅವರು ಕೇಳಿದ್ದು ಅದೇ ಮೊದಲು.

"ಇಲ್ನೋಡಿ. ಸರ್ವೆಯವನು ಕಟ್ಟಿರೋದು ಒಂದು ಲಕ್ಷದ ಐವತ್ತೆರಡು ಸಾವಿರ. ನನ್ನ ಬೆಲೇನೂ ಅದೇ. ಲಕೋಟೆ ಇಲ್ಲ, ಗಡುವು ಇಲ್ಲ, ಆ ಡಾಲ್‌ಗಾರ್ನೊ ಮುಖ ನನ್ನ ಬೇಲಿ ಒಳಗೆ ಇಲ್ಲ. ಏನಂತೀರಿ?"

"ಐವತ್ತೇಳು!" ಎಂದ ಇನ್ನೆಸ್.

ಮೇಜಿನ ಕೆಳಗೆ ರೋನಾಳ ಹಿಮ್ಮಡಿ ಅವನ ಕಾಲ್ಬೆರಳನ್ನು ಹುಡುಕಿ ತುಳಿಯುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ಮೂರು ಮನೆಗಳ ಅಭ್ಯಾಸ ಅದು. ಹೇಳಿದ ಬೆಲೆಯ ಮೇಲೆ ಏರಿಸದೆ ಇರಲು ಅವನ ನಾಲಿಗೆಗೆ ಬರುತ್ತಿರಲಿಲ್ಲ.

ಮುದುಕ ಕಿವಿಗೆ ಕೈ ಕೊಟ್ಟ. "ಏನಂದೆ?"

"ಇವರಿಗೆ ಲಾರಿ ಸದ್ದು ಕೇಳಿ ಕೇಳಿ ಕಿವಿ ಮಂದ, ಕಟನಾಕ್ ಅಜ್ಜ," ಎಂದಳು ರೋನಾ. "ನೀವು ಹೇಳಿದ್ದು ಸರಿಯಾಗಿ ಕೇಳಿಸಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹೇಳ್ತೀನಿ. ಐವತ್ತೆರಡು. ಇದು ಬೆಲೆ ಕಣಯ್ಯಾ, ಏಣಿ ಅಲ್ಲ. ಹತ್ತೋಕೆ ಹೋಗ್ಬೇಡ."

"ಐವತ್ತೆರಡು," ಎಂದ ಇನ್ನೆಸ್, ಪ್ರಯಾಸದಿಂದ, ಬಿಸಿ ಆಲೂಗಡ್ಡೆಯನ್ನು ಬಾಯಲ್ಲಿಟ್ಟುಕೊಂಡವನಂತೆ.

ಕಟನಾಕ್ ಮೇಜಿನ ಮೇಲೆ ಕೈ ಚಾಚಿದ. ರೋನಾ ಗಂಡನಿಗಿಂತ ಮೊದಲು ಅದನ್ನು ಹಿಡಿದು ಕುಲುಕಿದಳು. ಕೆಟಲ್ಲಿನಲ್ಲಿ ನೀರು ಕುದಿಯುವವರೆಗೂ ಬಿಡಲಿಲ್ಲ.